ಪೀಕ್ ಹುಡುಕುವ ಮೊದಲು ಬಡಿತದ ವೇಗ ಹುಡುಕಿ: ನನ್ನ ಅನುಭವ

ಬೆರಳಿಗೆ ಹಾಕುವ ಸೆನ್ಸರ್‌ನಿಂದ ನಾಡಿಯ ಸಿಗ್ನಲ್ ತೆಗೆದುಕೊಂಡು, ನಿಮಿಷಕ್ಕೆ ಎಷ್ಟು ಬಡಿತ ಎಂದು ಹೇಳುವ ಪ್ರೋಗ್ರಾಂ ಬರೆಯುತ್ತಿದ್ದೆ. ಅಲೆಯ ತುದಿ, ಅಂದರೆ ಪೀಕ್, ಹುಡುಕಿ ಎಣಿಸಿದರೆ ಆಯಿತಲ್ವಾ ಅಂದುಕೊಂಡಿದ್ದೆ. ಮೊದಲ ಸಲ 144 ತೋರಿಸಿತು. ಮಣಿಕಟ್ಟು ಹಿಡಿದು ಎಣಿಸಿದರೆ 72.

ಗ್ರಾಫ್ ನೋಡಿದಾಗ ಕಾರಣ ಸಿಕ್ಕಿತು. ಬೆರಳಿನ ನಾಡಿಯಲ್ಲಿ ಪ್ರತಿ ದೊಡ್ಡ ಅಲೆಯ ಬೆನ್ನಿಗೇ ಒಂದು ಚಿಕ್ಕ ಅಲೆ ಬರುತ್ತದೆ. ಅದು ನಾಯ್ಸ್ ಅಲ್ಲ, ದೇಹದ್ದೇ ಅಲೆ. 0.5ರಿಂದ 4 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ) ಏರಿಳಿತಗಳನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿದರೆ ಉಸಿರಾಟದ ನಿಧಾನ ಏರಿಳಿತ ಹೋಗುತ್ತದೆ, ಈ ಚಿಕ್ಕ ಅಲೆ ಪೂರ್ತಿ ಹೋಗುವುದಿಲ್ಲ.

ಸರಿ, ಎರಡು ಪೀಕ್ ನಡುವೆ ಅರ್ಧ ಸೆಕೆಂಡ್ ಆದರೂ ಇರಬೇಕು ಎಂದು ನಿಯಮ ಹಾಕಿದೆ. ಕೂತಿದ್ದಾಗ ಚೆನ್ನಾಗಿತ್ತು. ಓಡಿ ಬಂದು ಬೆರಳಿಟ್ಟರೆ 75! ನಿಜವಾದ ಬಡಿತ 150ರ ಹತ್ತಿರ ಇತ್ತು, ಅಂದರೆ 0.4 ಸೆಕೆಂಡಿಗೊಂದು, ಹಾಗಾಗಿ ನನ್ನ ನಿಯಮವೇ ಒಂದು ಬಿಟ್ಟು ಒಂದು ಪೀಕನ್ನು ನುಂಗಿ ಹಾಕಿತ್ತು.

ಆಮೇಲೆ ಕೆಲಸವನ್ನೇ ತಿರುಗಿಸಿದೆ. ಮೊದಲು ವೇಗ, ಆಮೇಲೆ ಪೀಕ್. 8 ಸೆಕೆಂಡಿನ ತುಂಡು ತೆಗೆದುಕೊಂಡು, ಅದನ್ನೇ ಸ್ವಲ್ಪ ಸ್ವಲ್ಪ ಸರಿಸುತ್ತಾ ಯಾವ ಅಂತರದಲ್ಲಿ ತನ್ನ ಜೊತೆ ತಾನೇ ಚೆನ್ನಾಗಿ ಹೊಂದುತ್ತದೆ ಎಂದು ನೋಡುವುದು, ಅದೇ ಆಟೋಕೋರಿಲೇಶನ್. ಎರಡು ಬಡಿತದಷ್ಟು ಸರಿಸಿದರೂ ಹೊಂದುತ್ತದೆ, ಆದ್ದರಿಂದ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಹೊಂದುವ ಅಂತರಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಬೇಕು. ಸಿಗ್ನಲ್‌ನಲ್ಲಿ ಯಾವ ವೇಗದ ಏರಿಳಿತ ಎಷ್ಟಿದೆ ಎಂದು ತೋರಿಸುವ ಎಫ್‌ಎಫ್‌ಟಿ ಲೆಕ್ಕವನ್ನೂ ಪ್ರಯತ್ನಿಸಿದೆ. 10 ಸೆಕೆಂಡ್ ಡೇಟಾಕ್ಕೆ ಅದರ ಒಂದೊಂದು ಹೆಜ್ಜೆ ನಿಮಿಷಕ್ಕೆ 6 ಬಡಿತ, ನನಗೆ ಅದು ಸಾಲಲಿಲ್ಲ.

ಸಿಕ್ಕ ಅಂತರದ 0.6 ಪಟ್ಟನ್ನು ಪೀಕ್‌ಗಳ ಕನಿಷ್ಠ ದೂರ ಮಾಡಿದೆ. ಕೂತರೂ ಓಡಿದರೂ ಎಣಿಕೆ ಸರಿ ಬಂತು, ನಿಜಕ್ಕೂ ತುಂಬಾ ಖುಷಿಯಾಯಿತು. ಇಸಿಜಿಗಾಗಿ (ಹೃದಯದ ವಿದ್ಯುತ್ ಸಿಗ್ನಲ್) 1985ರಲ್ಲಿ ಪ್ಯಾನ್ ಮತ್ತು ಟಾಂಪ್ಕಿನ್ಸ್ ಕೊಟ್ಟ ವಿಧಾನದಿಂದ ಒಂದು ಉಪಾಯ ತೆಗೆದುಕೊಂಡೆ. ಸರಾಸರಿ ಅಂತರದ 1.66 ಪಟ್ಟು ಕಳೆದರೂ ಬಡಿತ ಸಿಗದಿದ್ದರೆ ಹಿಂದೆ ಹೋಗಿ, ಪೀಕ್ ಎಂದು ಒಪ್ಪಲು ಬೇಕಾದ ಎತ್ತರದ ಮಿತಿ ಇಳಿಸಿ, ಇನ್ನೊಮ್ಮೆ ಹುಡುಕುವುದು. ಕೊನೆಯ ಲೆಕ್ಕಕ್ಕೆ ಸರಾಸರಿ ಬೇಡ, ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವುದು) ತೆಗೆದುಕೊಳ್ಳಿ. 830 ಮಿಲಿಸೆಕೆಂಡಿನ 10 ಅಂತರಗಳಲ್ಲಿ ಒಂದೇ ಒಂದು 1660 ಆದರೂ ಸರಾಸರಿಯಿಂದ ಬರುವ ಬಡಿತ ನಿಮಿಷಕ್ಕೆ 72ರಿಂದ 66ಕ್ಕೆ ಬೀಳುತ್ತದೆ, ಮೀಡಿಯನ್ ಅಲುಗುವುದಿಲ್ಲ.

ಒಂದು ತೊಂದರೆ ಉಳಿದಿದೆ. ಕೆಲವರಿಗೆ ಆಗಾಗ ಒಂದು ಬಡಿತ ಸಮಯಕ್ಕೆ ಮೊದಲೇ ಬರುತ್ತದೆ, 0.6 ನಿಯಮ ಅದನ್ನು ಬಿಟ್ಟುಬಿಡಬಹುದು. ಅದಕ್ಕೇ ಅಂತರಗಳು ಜಾಸ್ತಿ ಏರುಪೇರಾದಾಗ ಸುಮ್ನೆ ಒಂದು ಸಂಖ್ಯೆ ತೋರಿಸದೆ, ‘ಸಿಗ್ನಲ್ ನೋಡಿ’ ಎಂದು ತೋರಿಸುವಂತೆ ಮಾಡಿದ್ದೇನೆ.