ನಾಯಿ ಕಚ್ಚಿದಾಗ ಮೊದಲ ದಿನದ ಕೆಲಸ: ಇಂಜೆಕ್ಷನ್ ಕೋಣೆಯ ಅನುಭವ

ನಾಯಿ ಕಚ್ಚಿಸಿಕೊಂಡು ಬಂದವರು ಕೂತ ಕೂಡಲೇ ತೋಳು ಚಾಚುತ್ತಾರೆ. ನಾನು ಮೊದಲು ನೋಡುವುದು ಗಾಯವನ್ನು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ, ಯಾವುದೋ ಸೊಪ್ಪಿನ ರಸ, ಇವುಗಳಲ್ಲಿ ಒಂದನ್ನು ಮೆತ್ತಿಕೊಂಡೇ ಬಂದಿರುತ್ತಾರೆ. ಅದನ್ನೆಲ್ಲ ತೆಗೆಸಿ, ಗಾಯವನ್ನು ನಲ್ಲಿಯ ಕೆಳಗೆ ಹಿಡಿಸಿ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಸುತ್ತೇನೆ. ಬಟ್ಟೆ ಸೋಪಾದರೂ ಸರಿ. ಹುಚ್ಚುನಾಯಿ ರೋಗ ತರುವ ರೇಬೀಸ್ ವೈರಸ್‌ನ ಹೊರಪದರದಲ್ಲಿ ಕೊಬ್ಬಿದೆ. ಸೋಪಿಗೆ ಅದು ಒಡೆಯುತ್ತದೆ, ಹರಿಯುವ ನೀರಿಗೆ ಉಳಿದದ್ದು ಕೊಚ್ಚಿಹೋಗುತ್ತದೆ. ಮರುದಿನ ಬಂದರೂ ತೊಳೆಸುವುದನ್ನು ಬಿಡುವುದಿಲ್ಲ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ ಗಾಯವನ್ನು ತೆರೆದೇ ಇಡುತ್ತೇವೆ.

ಇನ್ನು ಗಾಯದ ದರ್ಜೆ. ಸರಿಯಿರುವ ಚರ್ಮವನ್ನು ನಾಯಿ ನೆಕ್ಕಿದ್ದರೆ ಒಂದನೇ ದರ್ಜೆ, ತೊಳೆದರೆ ಸಾಕು. ರಕ್ತ ಬಾರದ ತರಚು ಎರಡನೆಯದು, ಅದಕ್ಕೆ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಅಥವಾ ಜೊಲ್ಲು ಕಣ್ಣು, ಬಾಯಿ, ಹಳೆಯ ಗಾಯಕ್ಕೆ ತಾಗಿದ್ದರೆ ಮೂರನೆಯದು. ಲಸಿಕೆಯ ಜೊತೆ ಸೀರಂ, ಅಂದರೆ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಔಷಧಿ, ಕೂಡ ಕೊಡಲೇಬೇಕು. ಹಳ್ಳಿಗಳಲ್ಲಿ ಇನ್ನೊಂದು ದಾರಿಯಿದೆ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ರೇಬೀಸ್ ಹತ್ತಿದ ಹಸು ಮೇವು ಬಿಟ್ಟು ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯೊಳಗೆ ಕೈ ಹಾಕಿ ನೋಡಿರುತ್ತಾರೆ. ಕೈಯಲ್ಲಿ ಸಣ್ಣ ಸೀಳಿದ್ದರೂ ಅದು ಮೂರನೆಯ ದರ್ಜೆಯೇ. ಹಾಗಾಗಿ ದನ ಸಾಕಿದವರನ್ನು ನಾವೇ ಕೆದಕಿ ಕೇಳಬೇಕು.

ಲಸಿಕೆಯನ್ನು ನಾವು ಚರ್ಮದ ಪದರದೊಳಗೆ ಕೊಡುತ್ತೇವೆ: ಎರಡೂ ತೋಳುಗಳಿಗೆ 0.1 ಮಿ.ಲೀ.ನಂತೆ, 0, 3, 7 ಮತ್ತು 28ನೇ ದಿನ. ಮೊದಲ ಇಂಜೆಕ್ಷನ್ ಕೊಟ್ಟ ದಿನವೇ ಸೊನ್ನೆ. ಕಚ್ಚಿದ ದಿನದಿಂದ ಎಣಿಸುವಂತಿಲ್ಲ. ಸೀಸೆಯಲ್ಲಿ ಅರ್ಧ ಮಿ.ಲೀ. ಇರಲಿ, ಒಂದು ಮಿ.ಲೀ. ಇರಲಿ, ಒಂದು ಜಾಗಕ್ಕೆ 0.1 ಮಿ.ಲೀ.ಯೇ. ಬಳಸುವುದು ಇನ್ಸುಲಿನ್ ಸಿರಿಂಜ್. 40 ಯೂನಿಟ್‌ನ ಸಿರಿಂಜಾದರೆ 4ನೇ ಗೆರೆವರೆಗೆ, 100 ಯೂನಿಟ್‌ನದಾದರೆ 10ನೇ ಗೆರೆವರೆಗೆ ಎಳೆಯಬೇಕು. ಎರಡು ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿ ಬಿದ್ದಿದ್ದರೆ ತಪ್ಪು ಖಂಡಿತ: ನೂರರ ಸಿರಿಂಜಿನಲ್ಲಿ 4ರವರೆಗೆ ಎಳೆದರೆ ಅರ್ಧ ಡೋಸೂ ಹೋಗುವುದಿಲ್ಲ.

ಸ್ಪಿರಿಟ್ ಆರಿದ ಮೇಲೆ ಚರ್ಮವನ್ನು ಬಿಗಿಯಾಗಿ ಹಿಡಿದು, ಸೂಜಿಯ ಬಾಯಿ ಮೇಲೆ ಮಾಡಿ, ಹೆಚ್ಚುಕಡಿಮೆ ಚರ್ಮಕ್ಕೆ ಸಮವಾಗಿಯೇ ತೂರಿಸುತ್ತೇವೆ. ಒತ್ತುವಾಗ ಬಿಗಿ ಅನ್ನಿಸಬೇಕು, ಕಿತ್ತಳೆ ಸಿಪ್ಪೆಯಂತೆ ಸಣ್ಣ ಚುಕ್ಕೆಗಳಿರುವ ಗುಳ್ಳೆ ಏಳಬೇಕು. ಔಷಧಿ ಸಲೀಸಾಗಿ ಒಳಗೆ ಹೋಗಿ ಗುಳ್ಳೆ ಬರಲಿಲ್ಲವೆಂದರೆ ಅದು ಚರ್ಮದ ಕೆಳಗೆ ಇಳಿದಿದೆ ಎಂದರ್ಥ. ಪಕ್ಕದಲ್ಲೇ ಇನ್ನೊಮ್ಮೆ 0.1 ಮಿ.ಲೀ. ಕೊಡಬೇಕು. ಪುಡಿಗೆ ದ್ರವ ಬೆರೆಸಿ ಕಲಸಿದ ಲಸಿಕೆ ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 6 ಗಂಟೆಯೊಳಗೆ ಮುಗಿಸಬೇಕು; ಅದಕ್ಕೇ ಮೇಲೆ ಸಮಯ ಬರೆದಿಡುತ್ತೇನೆ. ಸ್ನಾಯುವಿಗೆ ಕೊಡುವುದಾದರೆ ಪೂರ್ತಿ ಸೀಸೆ, ಐದು ಬಾರಿ: 0, 3, 7, 14, 28. ಅದೂ ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಯ ಮುಂಬದಿಯ ಹೊರಭಾಗಕ್ಕೆ. ಕುಂಡೆಗೆ ಕೊಟ್ಟರೆ ಲಸಿಕೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಜೀವ ಹೋಗುವಂಥ ತಪ್ಪು ಆಗುವುದು ಸೀರಂನಲ್ಲಿ. ಲಸಿಕೆಯಿಂದ ದೇಹ ತನ್ನ ಪ್ರತಿಕಾಯ ತಯಾರಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರೊಳಗೆ ವೈರಸ್ ಗಾಯದಿಂದ ನರ ಹಿಡಿಯದಂತೆ ತಡೆಯುವುದು ಸೀರಂ. ಅದಕ್ಕೇ ಅದು ಗಾಯದೊಳಗೇ ಹೋಗಬೇಕು. ಕುದುರೆಯ ಸೀರಂ ಆದರೆ ಕೆ.ಜಿ.ಗೆ 40 ಯೂನಿಟ್, ಮನುಷ್ಯರದ್ದಾದರೆ 20. ಒಂದು ಮಿ.ಲೀ.ಗೆ 300 ಯೂನಿಟ್ ಇರುವ ಕುದುರೆ ಸೀರಂನಲ್ಲಿ 60 ಕೆ.ಜಿ. ತೂಕದವರಿಗೆ 2,400 ಯೂನಿಟ್, ಅಂದರೆ ಹೆಚ್ಚೆಂದರೆ 8 ಮಿ.ಲೀ. 15 ಕೆ.ಜಿ. ಮಗುವಿಗೆ 2 ಮಿ.ಲೀ. ಮಾತ್ರ. ಆ ಮಗುವಿನ ಮುಖದ ಮೇಲೆ ಆರು ಗಾಯಗಳಿದ್ದರೆ 2 ಮಿ.ಲೀ. ಸಾಲದು, ಆಗ ನಾರ್ಮಲ್ ಸಲೈನ್ ಬೆರೆಸಿ ಎರಡು ಮೂರು ಪಟ್ಟು ಮಾಡಿಕೊಂಡು ಪ್ರತಿ ಗಾಯದ ಅಂಚಿಗೂ ಆಳಕ್ಕೂ ಬಿಡುತ್ತೇವೆ. ಒಂದು ಗಾಯ ಬಿಟ್ಟುಹೋದರೂ ವೈರಸ್‌ಗೆ ಅದೇ ಬಾಗಿಲು. ಕೂದಲಿನೊಳಗೆ, ಕಿವಿಯ ಹಿಂದೆ ಹುಡುಕಿಯೇ ಸೀರಂ ಎಳೆಯುತ್ತೇನೆ. ಬೆರಳ ತುದಿಯಲ್ಲಿ ಜಾಗ ಕಡಿಮೆ. ಚರ್ಮ ಬೆಳ್ಳಗಾಗುವಷ್ಟು ತುಂಬಿದರೆ ರಕ್ತ ಓಡಾಟ ನಿಲ್ಲುತ್ತದೆ, ನಿಧಾನವಾಗಿ ಹಿಡಿದಷ್ಟೇ ಬಿಡಬೇಕು.

ಇದು ನೋಯುತ್ತದೆ, ಮಗು ಅರಚುತ್ತದೆ, ತಾಯಿ ಸಾಕು ಬಿಡಿ ಅನ್ನುತ್ತಾರೆ. ಹಾಗೆಂದು ಸೀರಂ ಅನ್ನು ಸೊಂಟಕ್ಕೆ ಕೊಟ್ಟು ಕಳಿಸಿದ ಚೀಟಿಗಳನ್ನೂ ನೋಡಿದ್ದೇನೆ. ಅದರಿಂದ ಗಾಯಕ್ಕೆ ಸಿಗುವ ರಕ್ಷಣೆ ತೀರಾ ಕಡಿಮೆ. ಹೊಲಿಗೆ ಬೇಕೇಬೇಕಾದರೆ ಸೀರಂ ಬಿಟ್ಟ ಮೇಲೆಯೇ, ಸಡಿಲವಾಗಿ. ಸೀರಂ ಕೊಡುವಾಗ ಖಾಲಿ ಹೊಟ್ಟೆ ಬೇಡ, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಮೊದಲ ದಿನ ಸೀರಂ ಸಿಗದಿದ್ದರೂ ಲಸಿಕೆ ಶುರುವಾದ 7 ದಿನದೊಳಗೆ ಕೊಡಬಹುದು, ಆಮೇಲೆ ಬೇಡ.

ಟಿಟಿ ಹಾಕಿಸಿಕೊಂಡಿದ್ದೇನೆ, ಸಾಕಲ್ಲವೇ ಎಂದು ವಾರಕ್ಕೆ ಹತ್ತು ಜನ ಕೇಳುತ್ತಾರೆ. ಅದು ಧನುರ್ವಾಯುವಿಗೆ, ರೇಬೀಸ್‌ಗೂ ಅದಕ್ಕೂ ಸಂಬಂಧವಿಲ್ಲ. ಬಸುರಿ, ಬಾಣಂತಿ, ಹಸುಗೂಸು ಯಾರಿಗೂ ಈ ಲಸಿಕೆ ತಪ್ಪಿಸುವಂತಿಲ್ಲ. ನಾಯಿ ಚೆನ್ನಾಗಿದೆಯೆಂದು ಹತ್ತು ದಿನ ಕಾಯುತ್ತ ಕೂರುವುದೂ ಬೇಡ. ಲಸಿಕೆ ಶುರುಮಾಡಿಯೇ ನಾಯಿಯ ಮೇಲೆ ಕಣ್ಣಿಡಬೇಕು.

ಹೆಚ್ಚು ಜನ ತಪ್ಪಿಸುವುದು 28ನೇ ದಿನದ್ದು, ಗಾಯ ಒಣಗಿರುತ್ತದಲ್ಲ. ತಡವಾಯಿತೆಂದು ಮೊದಲಿನಿಂದ ಶುರುಮಾಡಬೇಕಿಲ್ಲ, ಬಂದ ದಿನ ಬಾಕಿ ಡೋಸ್ ಕೊಟ್ಟು ಮುಂದುವರಿಸುತ್ತೇವೆ. ಪೂರ್ತಿ ಕೋರ್ಸ್ ಆದವರಿಗೆ ಮತ್ತೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನ ಒಂದೊಂದೇ ಇಂಜೆಕ್ಷನ್, ಸೀರಂ ಇಲ್ಲ. ಆದರೆ ಅದಕ್ಕೆ ಹಳೆಯ ಚೀಟಿ ತೋರಿಸಬೇಕು. ರೇಷನ್ ಕಾರ್ಡಿನ ಜೊತೆ ಇಡಿ ಎಂದು ಹೇಳಿ, ನಾಲ್ಕೂ ತಾರೀಖು ಬರೆದ ಆ ಚೀಟಿಯನ್ನು ಫೋನಿನಲ್ಲಿ ಫೋಟೊ ತೆಗೆಸಿಯೇ ಕಳಿಸುತ್ತೇನೆ.