ಉಪ್ಪುನೀರಿನ ಅಕ್ವೇರಿಯಂನಲ್ಲಿ ನ್ಯಾಸೇರಿಯಸ್ ಬಸವನಹುಳು: ಗುರುತಿಸುವ ಮತ್ತು ಸಾಕುವ ಬಗೆ

ಉಪ್ಪುನೀರಿನ ಟ್ಯಾಂಕಿಗೆಂದು ಮಾರುವ ಬಸವನಹುಳುಗಳೆಲ್ಲವನ್ನೂ ‘ಟ್ಯಾಂಕ್ ಶುಚಿ ಮಾಡುವವು’ ಎಂದು ಒಂದೇ ಗುಂಪಿಗೆ ಸೇರಿಸುವ ರೂಢಿಯಿದೆ. ಆದರೆ ಟರ್ಬೊ, ಟ್ರೋಕಸ್‌ಗಳು ಗಾಜು ಮತ್ತು ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ. ನ್ಯಾಸೇರಿಯಸ್ ಮರಳಿನಲ್ಲಿ ಹುದುಗಿದ್ದು, ಸತ್ತ ಮೀನು, ಸೀಗಡಿ ಅಥವಾ ಮೀನುಗಳು ತಿಂದು ಬಿಟ್ಟ ಆಹಾರದ ವಾಸನೆ ಹಿಡಿದು ಮೇಲೆ ಬರುತ್ತದೆ. ಪಾಚಿಯಾಗಲಿ ಮೀನಿನ ಹಿಕ್ಕೆಯಾಗಲಿ ಅದರ ಆಹಾರವಲ್ಲ. ಪಾಚಿಯ ಕಾಟ ತಪ್ಪಿಸಲೆಂದು ಇದನ್ನು ತಂದರೆ ಪಾಚಿ ಇದ್ದಲ್ಲೇ ಇರುತ್ತದೆ, ಹುಳು ಹಸಿವಿನಿಂದ ಸಾಯುತ್ತದೆ.

ಗುರುತಿಸಲು ಮೊದಲು ಚಿಪ್ಪಿನ ಬಾಯಿಯನ್ನು ನೋಡಬೇಕು. ಪಾಚಿ ತಿನ್ನುವ ಟರ್ಬೊ, ಟ್ರೋಕಸ್‌ಗಳ ಚಿಪ್ಪಿನ ಬಾಯಿಯ ಅಂಚು ಎಲ್ಲಿಯೂ ಕಡಿಯದೆ ಸುತ್ತುವರಿದಿರುತ್ತದೆ. ನ್ಯಾಸೇರಿಯಸ್‌ನಲ್ಲಿ ಅಂಚಿನ ಮುಂತುದಿಯಲ್ಲಿ ಒಂದು ಕಚ್ಚು ಇರುತ್ತದೆ. ಆ ಕಚ್ಚಿನಿಂದ ಹೊರಚಾಚುವ ಉದ್ದನೆಯ ನಳಿಕೆಯೇ ಸೈಫನ್. ಹುಳು ಮರಳಿನೊಳಗಿದ್ದಾಗಲೂ ಸೈಫನ್ನಿನ ತುದಿ ಮಾತ್ರ ಹೊರಗಿದ್ದು, ನೀರನ್ನು ಒಳಗೆಳೆದು ವಾಸನೆ ನೋಡುತ್ತಿರುತ್ತದೆ. ಸೆರಿತ್‌ನ ಚಿಪ್ಪಿನಲ್ಲೂ ಸಣ್ಣ ಕಚ್ಚಿದೆಯಾದರೂ, ಗೋಪುರದಂತೆ ನೀಳವಾದ ಆಕಾರದಿಂದ ಅದನ್ನು ಬೇರ್ಪಡಿಸಬಹುದು. ಅದು ಪಾಚಿ ಮತ್ತು ಕಸವನ್ನು ತಿಂದು ಬದುಕುವ ಹುಳು. ಅನುಮಾನ ಉಳಿದರೆ ಸೀಗಡಿಯ ಒಂದು ಚೂರನ್ನು ಮರಳಿನ ಮೇಲೆ ಹಾಕಿ ಕಾಯಬೇಕು: ಆರೋಗ್ಯವಾದ ನ್ಯಾಸೇರಿಯಸ್ ಸ್ವಲ್ಪ ಹೊತ್ತಿನಲ್ಲೇ ಮರಳನ್ನು ಸೀಳಿಕೊಂಡು ಎದ್ದು, ಸೈಫನ್ನನ್ನು ಅತ್ತಿತ್ತ ಆಡಿಸುತ್ತ ಚೂರಿನತ್ತ ಸಾಗುತ್ತದೆ.

ಹೆಚ್ಚು ಮೋಸ ಹೋಗುವುದು ಕೆಸರು ಬಸವನಹುಳುವಿನಿಂದ, ಅಂದರೆ ಇಲಿಯನಾಸಾ ಆಬ್ಸೊಲೀಟಾದಿಂದ. ಇದು ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಕೆಸರುಬಯಲುಗಳಲ್ಲಿ ರಾಶಿರಾಶಿಯಾಗಿ ಸಿಗುವುದರಿಂದ ನ್ಯಾಸೇರಿಯಸ್ ಹೆಸರಿನಲ್ಲೇ ಮಾರಾಟವಾಗುತ್ತದೆ. ತಂಪು ನೀರಿಗೆ ಹೊಂದಿಕೊಂಡ ಈ ಹುಳು ಬೆಚ್ಚಗಿನ ರೀಫ್ ಟ್ಯಾಂಕಿನಲ್ಲಿ (ಹವಳಗಳನ್ನು ಸಾಕುವ ಟ್ಯಾಂಕಿನಲ್ಲಿ) ಹೆಚ್ಚು ಕಾಲ ಬಾಳುವುದಿಲ್ಲ. ಇದರ ಚಿಪ್ಪು ಕಂದುಗಪ್ಪಾಗಿದ್ದು, ತುದಿ ಸವೆದಿರುವುದು ಸಾಮಾನ್ಯ. ಇನ್ನೂ ಖಚಿತವಾದ ಗುರುತು ಬೇಕೆಂದರೆ, ಗಾಜಿನ ಮೇಲೆ ಹರಿಯುವಾಗ ಪಾದದ ಹಿಂತುದಿಯನ್ನು ಗಮನಿಸಬೇಕು: ನ್ಯಾಸೇರಿಯಸ್‌ನ ಒಂದು ಜಾತಿಯಾದ ನ್ಯಾಸೇರಿಯಸ್ ವೈಬೆಕ್ಸ್‌ನಲ್ಲಿ ಅಲ್ಲಿ ಎರಡು ಸಣ್ಣ ಬಾಲದಂತಹ ಎಳೆಗಳು ಕಾಣುತ್ತವೆ, ಕೆಸರು ಹುಳುವಿನಲ್ಲಿ ಅವು ಇರುವುದಿಲ್ಲ. ಇದನ್ನು ನೋಡದೆ ಹಣ ಕೊಡಬಾರದೆಂಬುದು ನನ್ನ ಅಭಿಪ್ರಾಯ.

ವೆಲ್ಕ್ ಎಂಬ ಸಮುದ್ರದ ಬಸವನಹುಳುಗಳಿಗೂ ಇಂಥದೇ ಸೈಫನ್ ಇರುತ್ತದೆ, ಆದರೆ ಅವುಗಳಲ್ಲಿ ಹಲವು ಜೀವಂತ ಚಿಪ್ಪುಜೀವಿಗಳನ್ನೇ ಬೇಟೆಯಾಡುತ್ತವೆ. ಕಪ್ಪು–ಹಳದಿ ಪಟ್ಟೆಗಳ ಬಂಬಲ್‌ಬೀ ಬಸವನಹುಳು ಚಂದವಾದರೂ, ಮರಳಿನಲ್ಲಿರುವ, ಎರೆಹುಳುವಿನಂಥ ಉಪಯುಕ್ತ ಹುಳುಗಳನ್ನು ತಿನ್ನುತ್ತದೆ.

ಸಾಕಲು ಮುಖ್ಯವಾಗಿ ಬೇಕಾದುದು ಮರಳು. 5 ಸೆಂಟಿಮೀಟರ್‌ನಷ್ಟಾದರೂ ದಪ್ಪನೆಯ ನುಣ್ಣನೆಯ ಪದರವಿರಲಿ. ಒರಟು ಹರಳುಗಳಲ್ಲಿ ಅದು ಸರಾಗವಾಗಿ ಹುದುಗಲಾರದು, ಮರಳೇ ಇಲ್ಲದ ಟ್ಯಾಂಕಿಗೆ ಇದನ್ನು ತರುವುದೇ ಸರಿಯಲ್ಲ. ನೀರಿನ ಸಾಪೇಕ್ಷ ಸಾಂದ್ರತೆ 1.024ರಿಂದ 1.026, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಲವಣಾಂಶದ ಹಠಾತ್ ಬದಲಾವಣೆಯನ್ನು ಈ ಜೀವಿ ತಾಳಲಾರದ ಕಾರಣ, ತಂದ ಪಾತ್ರೆಗೆ ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಿಂದ ಒಂದು ಗಂಟೆಯಷ್ಟು ಕಾಲ ಹನಿಹನಿಯಾಗಿ ಸೇರಿಸಿದ ನಂತರವೇ ಒಳಗೆ ಬಿಡಬೇಕು. ಮೀನುಗಳಿಗೆ ಕೊಡುವ ತಾಮ್ರದ ಔಷಧ ಇದಕ್ಕೆ ವಿಷ. ಚಿಕಿತ್ಸೆ ಬೇಕಾದರೆ ಮೀನನ್ನೇ ಬೇರೆ ಟ್ಯಾಂಕಿಗೆ ಸ್ಥಳಾಂತರಿಸಬೇಕು. ಪಫರ್ ಮತ್ತು ಟ್ರಿಗರ್ ಮೀನುಗಳಿರುವಲ್ಲಿ ಬಸವನಹುಳುವನ್ನು ಬಿಡುವುದು ಅವುಗಳಿಗೆ ಊಟ ಬಡಿಸಿದಂತೆಯೇ. ಸನ್ಯಾಸಿ ಏಡಿಗಳೂ ಚಿಪ್ಪಿನ ಆಸೆಗೆ ಇವನ್ನು ಕೊಲ್ಲುವುದುಂಟು, ಆದ್ದರಿಂದ ಏಡಿಗಳಿಗೆ ಬೇರೆ ಬೇರೆ ಗಾತ್ರದ ಖಾಲಿ ಚಿಪ್ಪುಗಳನ್ನು ಇಟ್ಟಿರಬೇಕು.

ಮೀನುಗಳಿಗೆ ಅಳೆದು ಹಾಕುವ ಟ್ಯಾಂಕಿನಲ್ಲಿ ಇವುಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಅಂಥಲ್ಲಿ ವಾರಕ್ಕೆ ಎರಡು ಮೂರು ಸಲ ತಳಕ್ಕಿಳಿಯುವ ಮಾಂಸಾಹಾರಿ ಪೆಲೆಟ್ ಅಥವಾ ಶೈತ್ಯೀಕರಿಸಿದ ಸೀಗಡಿಯ ಚೂರನ್ನು ಹಾಕಿ, ಕೆಲವು ಗಂಟೆಗಳ ನಂತರ ಉಳಿದದ್ದನ್ನು ತೆಗೆಯಬೇಕು. ಮೊದಲಿಗೆ ಕೆಲವನ್ನೇ ತಂದು, ಅವು ಊಟಕ್ಕೆ ಎಷ್ಟು ಚುರುಕಾಗಿ ಏಳುತ್ತವೆ ಎಂದು ನೋಡಿಕೊಂಡು ಸಂಖ್ಯೆ ಹೆಚ್ಚಿಸುವುದು ಲೇಸು. ಗಾಜಿನ ಮೇಲೆ ಅಂಟಿದ ಸಣ್ಣ ಪಾರದರ್ಶಕ ಚೀಲಗಳು ಕಂಡರೆ ಅವು ಮೊಟ್ಟೆಗಳು. ನೀರಿನಲ್ಲಿ ತೇಲುವ ಮರಿಗಳು ಮನೆಯ ಟ್ಯಾಂಕಿನಲ್ಲಿ ಬದುಕುಳಿಯುವುದು ಅಪರೂಪ.

ದಿನಗಟ್ಟಲೆ ಕಾಣಿಸಿಕೊಳ್ಳದ ಹುಳು ಸತ್ತಿದೆಯೆಂದು ಭಾವಿಸಿ ಮರಳನ್ನು ಕೆದಕಬೇಕಾಗಿಲ್ಲ. ಆಹಾರ ಹಾಕಿದರೂ ಏಳದೆ ಮರಳಿನ ಮೇಲೆ ಮಗುಚಿ ಬಿದ್ದಿರುವುದನ್ನು ಮಾತ್ರ ಹೊರತೆಗೆದು ಮೂಸಿ ನೋಡಿ, ಕೊಳೆತ ವಾಸನೆ ಬಂದರೆ ಅಮೋನಿಯಾ ಏರುವ ಮುನ್ನವೇ ಎಸೆಯಬೇಕು.