ಆಟಕ್ಕೆ ಇಬ್ಬರು ಬೇಕಾಗಿದ್ದಾರೆ: ರೋಲ್‌ಪ್ಲೇ ತಂಡಕ್ಕೆ ಹೊಸಬರನ್ನು ಹುಡುಕುವುದು ಹೇಗೆ?

ನಮ್ಮದು ಐದು ಜನರ ತಂಡ. ತಿಂಗಳಿಗೆ ಎರಡು ಭಾನುವಾರ ಜಯನಗರದ ಒಂದು ಮನೆಯಲ್ಲಿ, ಊಟದ ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು. ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬರಿಗೆ ಪುಣೆಗೆ ವರ್ಗವಾಯಿತು. ಇನ್ನೊಬ್ಬರ ಮನೆಗೆ ಮಗು ಬಂತು. ಉಳಿದವರು ಮೂವರು. ಅದರಲ್ಲಿ ನಾನು ಕಥೆ ನಡೆಸುವವಳು, ಹಾಗಾಗಿ ಆಡುವವರು ಇಬ್ಬರೇ. ಅವರಲ್ಲಿ ಒಬ್ಬರಿಗೆ ಜ್ವರ ಬಂದರೆ ಆ ಭಾನುವಾರ ಆಟವೇ ಇಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು.

ಇಂಥ ತಂಡಗಳು ಜಗಳವಾಡಿ ಒಡೆಯುವುದು ಕಮ್ಮಿ. ಜನ ಕಮ್ಮಿಯಾಗಿ ಸುಮ್ನೆ ನಿಂತುಹೋಗುವುದೇ ಜಾಸ್ತಿ. ನಮ್ಮದು ನಿಲ್ಲಲಿಲ್ಲ. ಹೊಸಬರನ್ನು ಹುಡುಕುತ್ತಾ ಒಂದು ವರ್ಷದಲ್ಲಿ ಏನೇನು ಕಲಿತೆವೋ ಅದನ್ನು ಇಲ್ಲಿ ಬರೆದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವವರು ಹೊರತಂದ ಆಟವಿದು. ಒಬ್ಬರು ಕಥೆ ನಡೆಸುತ್ತಾರೆ. ಅವರನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಗೆಲುವು ಸೋಲು ಅನುಮಾನ ಇದ್ದ ಕಡೆ ದಾಳ ಹಾಕುತ್ತಾರೆ. ಕರಾವಳಿ, ಮಲೆನಾಡಿನವರಿಗೆ ನಾನು ಇನ್ನೂ ಸುಲಭವಾಗಿ ಹೇಳುತ್ತೇನೆ: ತಾಳಮದ್ದಳೆ ನೋಡಿದ್ದೀರಲ್ವಾ? ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಭಾಗವತರು ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ನಮ್ಮ ಡಿಎಂ ಹೆಚ್ಚುಕಮ್ಮಿ ಆ ಭಾಗವತರ ಜಾಗದಲ್ಲಿ ಇರುತ್ತಾರೆ. ಒಂದೇ ದೊಡ್ಡ ವ್ಯತ್ಯಾಸ. ಅಲ್ಲಿ ಕರ್ಣ ಕೊನೆಗೆ ಬೀಳಲೇಬೇಕು. ಇಲ್ಲಿ ಯಾರು ಬೀಳುತ್ತಾರೆ ಅಂತ ಭಾಗವತರಿಗೂ ಗೊತ್ತಿಲ್ಲ.

ಮೊದಲು ನಿಮ್ಮೊಳಗೆ ಮಾತಾಡಿ

ಯಾರನ್ನೂ ಕರೆಯುವ ಮುಂಚೆ, ಉಳಿದಿರುವವರು ಕೂತು ಮೂರು ವಿಷಯ ತೀರ್ಮಾನಿಸಿ. ಎಷ್ಟು ಜನ ಬೇಕು? ಯಾವ ದಿನ, ಎಷ್ಟು ಹೊತ್ತು? ಹಳೇ ಕಥೆ ಮುಂದುವರಿಸುವುದಾ, ಹೊಸದು ಶುರು ಮಾಡುವುದಾ?

ಡಿಎಂ ಬಿಟ್ಟು ನಾಲ್ವರು ಆಟಗಾರರಿದ್ದರೆ ಆಟ ಸಲೀಸಾಗಿ ನಡೆಯುತ್ತದೆ. ಒಬ್ಬರು ಬರದಿದ್ದರೂ ಮೂವರು ಇರುತ್ತಾರೆ. ಆರು ಜನ ಆದರೆ ಕಾದಾಟದಲ್ಲಿ ನಿಮ್ಮ ಸರದಿ ಬರುವಷ್ಟರಲ್ಲಿ ಚಹಾ ಆರಿಹೋಗಿರುತ್ತದೆ, ಕೈ ಮೊಬೈಲಿಗೆ ಹೋಗಿರುತ್ತದೆ. ಹಾಗಾಗಿ ಐದು ದಾಟಬೇಡಿ. ಒಬ್ಬರು ಸಾಕಿದ್ದರೂ ಇಬ್ಬರಿಗಾಗಿ ಹುಡುಕಿ. ಹಳಬರ ನಡುವೆ ಒಂಟಿಯಾಗಿ ಬಂದು ಕೂರುವುದು ಕಷ್ಟ. ಜೊತೆಗೆ ಇನ್ನೊಬ್ಬ ಹೊಸಬರಿದ್ದರೆ ಇಬ್ಬರಿಗೂ ಧೈರ್ಯ.

ಹಳೇ ಕಥೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂರು ವರ್ಷದ ಕಥೆಯನ್ನು ಬಂದವರಿಗೆ ಒಪ್ಪಿಸಲು ಹೋದರೆ, ಮದುವೆ ಮನೆಯಲ್ಲಿ ಬೇರೆಯವರ ಸಂಬಂಧಿಕರ ಸುದ್ದಿ ಕೇಳಿದ ಹಾಗಾಗುತ್ತದೆ.

ಕರೆಯೋಲೆ ಬರೆಯುವುದು

ನಾವು ಎಡವಿದ್ದು ಇಲ್ಲೇ. ಮೊದಲ ಸಲ ಗೆಳೆಯರ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ದು ಹೀಗಿತ್ತು: “ಡಿ ಅಂಡ್ ಡಿ 5ಇ ಹೋಮ್‌ಬ್ರ್ಯೂ ಕ್ಯಾಂಪೇನ್, ಲೆವೆಲ್ 6, ಎರಡು ಸ್ಲಾಟ್ ಖಾಲಿ.” ಅದೂ ಇಂಗ್ಲಿಷಿನಲ್ಲಿ. ಒಬ್ಬರೂ ಉತ್ತರಿಸಲಿಲ್ಲ. ಈ ಆಟ ಮೊದಲೇ ಬಲ್ಲವರಿಗೆ ಮಾತ್ರ ಅರ್ಥವಾಗುವ ಸಾಲು ಅದು. ಬಲ್ಲವರಿಗೆ ಆಗಲೇ ಒಂದು ತಂಡ ಇರುತ್ತದೆ.

ಎರಡನೇ ಸಲ ಕನ್ನಡದಲ್ಲಿ ಬರೆದೆವು:

“ಭಾನುವಾರ ಮಧ್ಯಾಹ್ನ 3ರಿಂದ 6, ಜಯನಗರ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದು ಸಾಹಸದ ಕಥೆ ಕಟ್ಟುವ ಆಟ. ನೀವು ಕಳ್ಳ, ಮಂತ್ರವಾದಿ, ಯೋಧ, ಯಾರು ಬೇಕಾದರೂ ಆಗಬಹುದು. ಮಾತು ಕನ್ನಡದಲ್ಲಿ. ಮುಂಚೆ ಆಡಿರಬೇಕಾಗಿಲ್ಲ. ಏನೂ ತರಬೇಕಾಗಿಲ್ಲ. ದುಡ್ಡಿನ ಮಾತಿಲ್ಲ. ಒಂದು ದಿನ ಬಂದು ನೋಡಿ, ಹಿಡಿಸದಿದ್ದರೆ ಅಲ್ಲಿಗೇ ಬಿಡಿ.”

11 ಜನ ಕೇಳಿದರು. ಏಳು ಜನ ಕಾಫಿಗೆ ಸಿಕ್ಕರು. ನಾಲ್ವರು ಬಂದು ಆಡಿದರು. ಇಬ್ಬರು ಉಳಿದರು. ನಮಗೆ ಬೇಕಾಗಿದ್ದೂ ಇಬ್ಬರೇ.

ಈ ಓಲೆಯಲ್ಲಿ ಎರಡು ವಿಷಯ ತುಂಬ ಕೆಲಸ ಮಾಡಿದವು. ಒಂದು, ಮುಗಿಯುವ ಹೊತ್ತು. ಕೆಂಗೇರಿಗೋ ವೈಟ್‌ಫೀಲ್ಡಿಗೋ ವಾಪಸು ಹೋಗಬೇಕಾದವರು ಮೊದಲು ನೋಡುವುದೇ ಅದನ್ನು. 6 ಅಂತ ಬರೆದರೆ ಆರಕ್ಕೇ ಮುಗಿಸಿ. ಇನ್ನೊಂದು, “ಮಾತು ಕನ್ನಡದಲ್ಲಿ” ಅನ್ನುವ ಎರಡು ಪದ. “ಆಟದ ಬಗ್ಗೆ ಕೇಳಿದ್ದೆ, ಆದರೆ ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ನಾಟಕ ಆಡೋಕೆ ನನಗಾಗಲ್ಲ ಅಂತ ಸುಮ್ಮನಿದ್ದೆ” ಎಂದು ಮೂವರು ಬೇರೆ ಬೇರೆಯಾಗಿ ಹೇಳಿದರು. ಇಷ್ಟು ವರ್ಷ ಎಷ್ಟು ಜನರನ್ನು ಹೀಗೆ ಹೊರಗೆ ನಿಲ್ಲಿಸಿದ್ದೆವೋ ಅನ್ನಿಸಿ ನನಗೆ ನಿಜಕ್ಕೂ ಬೇಜಾರಾಯಿತು. ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ ಅನ್ನುವ ಆಟದ ಪದಗಳು ಹಾಗೇ ಇರಲಿ, ತೊಂದರೆಯಿಲ್ಲ. ಕ್ರಿಕೆಟ್‌ನಲ್ಲಿ ವಿಕೆಟ್ ಇಲ್ಲವೇ? ಆದರೆ ಕಳ್ಳ ಬೈಯುವುದು, ಅಜ್ಜಿ ಶಾಪ ಹಾಕುವುದು, ರಾಜ ಬೇಡಿಕೊಳ್ಳುವುದು ನಮ್ಮ ಮಾತಿನಲ್ಲಿ ಆದಾಗ ಮೇಜಿನ ಕಳೆಯೇ ಬೇರೆ.

“ದುಡ್ಡಿನ ಮಾತಿಲ್ಲ” ಅನ್ನುವುದನ್ನೂ ಮರೆಯಬೇಡಿ. ದಾಳ ಅಂದ ಕೂಡಲೇ ನಮ್ಮಲ್ಲಿ ಶಕುನಿ ನೆನಪಾಗುತ್ತಾನೆ. ಕಾಲೇಜು ಹುಡುಗಿಯೊಬ್ಬಳ ತಾಯಿ ಫೋನ್ ಮಾಡಿ, “ಇದು ಜೂಜಲ್ಲ ತಾನೇ?” ಅಂತ ಕೇಳಿದರು. ಕೇಳಿದ್ದು ಸರಿಯೇ. ನಾನು ಅವರನ್ನೇ ಒಂದು ದಿನ ಬರಹೇಳಿದೆ. ಅರ್ಧ ಗಂಟೆ ಕೂತು ನೋಡಿದರು. ಇಪ್ಪತ್ತು ಮುಖದ ದಾಳವನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, “ನಮ್ಮ ಚೌಕಾಬಾರಕ್ಕೆ ಕವಡೆ ಇದ್ದ ಹಾಗೆ” ಅಂದರು. ಮನೆಯವರಿಗೆ ಅನುಮಾನ ಬಂದರೆ ಹೀಗೆ ಕರೆದು ತೋರಿಸಿಬಿಡಿ.

ಎಲ್ಲಿ ಹುಡುಕಬೇಕು?

ಬೋರ್ಡ್ ಗೇಮ್ ಆಡುವ ಕೆಫೆಗಳು, 2012ರಲ್ಲಿ ಬೆಂಗಳೂರಿಗೆ ಬಂದ ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳ, ಕಾಲೇಜಿನ ಗೇಮಿಂಗ್ ಕ್ಲಬ್. ಇವು ಎಲ್ಲರಿಗೂ ಹೊಳೆಯುವ ಜಾಗಗಳು. ಹೋಗಿ, ಕೇಳಿ. ಆದರೆ ಅಲ್ಲಿಗೇ ನಿಲ್ಲಬೇಡಿ.

ಈ ಆಟಕ್ಕೆ ಬೇಕಾದ ಗುಣ ಎರಡೇ: ಇನ್ನೊಬ್ಬರ ಮಾತು ಕೇಳುವುದು, ಅದಕ್ಕೆ ತನ್ನದೊಂದು ಸೇರಿಸುವುದು. ಅದು ಇರುವವರು ಹವ್ಯಾಸಿ ನಾಟಕ ತಂಡಗಳಲ್ಲಿದ್ದಾರೆ, ಯಕ್ಷಗಾನ ಕಲಿಯುವವರಲ್ಲಿದ್ದಾರೆ, ಕ್ವಿಜ್ ತಂಡಗಳಲ್ಲಿದ್ದಾರೆ. ಮಕ್ಕಳಿಗೆ ರಾತ್ರಿ ಕಥೆ ಹೇಳುವ ಅತ್ತೆಯಂದಿರಲ್ಲೂ ಇದ್ದಾರೆ. ಆಫೀಸಿನ ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುವವರಿಗಿಂತ, ಬೇರೆಯವರ ಕಥೆಗೆ “ಆಮೇಲೇನಾಯ್ತು?” ಅಂತ ಕೇಳುವವರನ್ನು ಗಮನಿಸಿ. ನನ್ನ ಅನುಭವದಲ್ಲಿ ಒಳ್ಳೆ ಆಟಗಾರರು ಅವರೇ.

ಕಬ್ಬನ್ ಪಾರ್ಕ್‌ನಲ್ಲಿ ಶನಿವಾರ ಬೆಳಿಗ್ಗೆ ಕಬ್ಬನ್ ರೀಡ್ಸ್‌ನವರು ಮರದಡಿ ಕೂತು ಓದುತ್ತಾರೆ. ಅಂಥ ಕಡೆ ಹೋಗುವುದಾದರೆ ಒಂದು ಪುಸ್ತಕ ಹಿಡಿದುಕೊಂಡೇ ಹೋಗಿ, ನೀವೂ ಓದಿ. ಮಾತು ಆಮೇಲೆ. ಜನ ಸೇರಿರುವುದು ತಮ್ಮ ಸಂತೋಷಕ್ಕೆ. ಚೀಟಿ ಹಂಚಿಕೊಂಡು ಓಡಾಡಿದರೆ ಯಾರಿಗೂ ಹಿಡಿಸುವುದಿಲ್ಲ.

ಊರು ಚಿಕ್ಕದು, ಹತ್ತಿರದಲ್ಲಿ ಯಾರೂ ಸಿಗುತ್ತಿಲ್ಲ ಅಂದರೆ ಆನ್‌ಲೈನ್ ದಾರಿಯಿದೆ. ಮಾತಿಗೆ ಡಿಸ್ಕಾರ್ಡ್, ನಕ್ಷೆ ಮತ್ತು ದಾಳಕ್ಕೆ ರೋಲ್20 ಸಾಕು. ಎರಡೂ ಉಚಿತವಾಗಿ ಸಿಗುತ್ತವೆ. ಹೊರದೇಶದಲ್ಲಿರುವ ಗೆಳೆಯರನ್ನೂ ಸೇರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದವರಿದ್ದರೆ ನಮ್ಮ ಭಾನುವಾರ ಬೆಳಿಗ್ಗೆ 8.30 ಅವರಿಗೆ ಬೇಸಿಗೆಯಲ್ಲಿ ಶನಿವಾರ ರಾತ್ರಿ 8. ಚಳಿಗಾಲದಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ 7 ಆಗುತ್ತದೆ. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮನೆಗೆ ಕರೆಯುವ ಮುಂಚೆ ಒಂದು ಕಾಫಿ

ಪರಿಚಯವಿಲ್ಲದವರನ್ನು ನೇರ ಮನೆಗೆ ಕರೆಯಬೇಡಿ, ನೀವೂ ಹೋಗಬೇಡಿ. ಮೊದಲ ಭೇಟಿ ದರ್ಶಿನಿಯಲ್ಲೋ ಕೆಫೆಯಲ್ಲೋ ಆಗಲಿ, ಹಗಲು ಹೊತ್ತು ಆಗಲಿ. ನಿಮ್ಮ ಕಡೆಯಿಂದ ಇಬ್ಬರು ಹೋಗಿ. ಹೆಣ್ಣುಮಕ್ಕಳು ಬರುವುದಾದರೆ ಗೆಳತಿಯನ್ನೋ ತಮ್ಮನನ್ನೋ ಕರೆದುಕೊಂಡು ಬನ್ನಿ ಅಂತ ನೀವೇ ಹೇಳಿ. ಅವರಾಗಿ ಕೇಳುವ ತನಕ ಕಾಯಬೇಡಿ.

ಅಲ್ಲಿ ಆಟದ ನಿಯಮ ಕೇಳಿ ಪರೀಕ್ಷೆ ಮಾಡುವುದು ಬೇಡ. ಯಾವ ಕಥೆ ಇಷ್ಟ, ಯಾವ ವಾರ ಬರಲಾಗುವುದಿಲ್ಲ, ಕಥೆಯಲ್ಲಿ ಯಾವುದು ಬರಬಾರದು ಅನ್ನಿಸುತ್ತದೆ, ಇಷ್ಟು ಕೇಳಿ. ಹೋಟೆಲಿನ ಹುಡುಗನ ಜೊತೆ ಹೇಗೆ ಮಾತಾಡಿದರು ಅನ್ನುವುದನ್ನೂ ನೋಡಿ. ನಾನಂತೂ ನೋಡುತ್ತೇನೆ.

ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಕಥೆ

ಹುಡುಕಾಟದ ಜೀವ ಇರುವುದು ಇಲ್ಲಿ. ಬಂದವರಿಗೆ ಮೂರು ಗಂಟೆಯಲ್ಲಿ ಶುರುವಾಗಿ ಮುಗಿಯುವ ಒಂದು ಕಥೆ ಕೊಡಿ. ಇದನ್ನು ಒನ್‌ಶಾಟ್ ಅನ್ನುತ್ತಾರೆ. ಒಂದು ಸಮಸ್ಯೆ, ಎರಡು ಅಡ್ಡಿ, ಒಂದು ಕಾದಾಟ. ಸಾಕು. ಪಾತ್ರಗಳನ್ನು ನೀವೇ ಮೊದಲು ತಯಾರಿಸಿಟ್ಟು, “ಯಾರು ಬೇಕು ಆರಿಸಿಕೊಳ್ಳಿ” ಅನ್ನಿ. ದಪ್ಪ ನಿಯಮದ ಪುಸ್ತಕವನ್ನು ಮೇಜಿನ ಮೇಲೆ ಇಡಲೇಬೇಡಿ.

ನಾವು ಒಂದೇ ಪುಟದಲ್ಲಿ ಕನ್ನಡದ ಹಾಳೆ ಮಾಡಿಕೊಂಡೆವು. ಇದಕ್ಕೆ ಅಡ್ಡಿಯಿಲ್ಲ. ಆಟದ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಿ ಹಂಚಬಹುದು. ನಮ್ಮ ಹಾಳೆಯ ಸಾರ ಇಷ್ಟೇ: ಏನು ಮಾಡುತ್ತೀರಿ ಅಂತ ಹೇಳಿ. ಕಷ್ಟದ ಕೆಲಸವಾದರೆ ಇಪ್ಪತ್ತರ ದಾಳ ಹಾಕಿ. ನಿಮ್ಮ ಪಾತ್ರದ ಹಾಳೆಯಲ್ಲಿರುವ ಅಂಕಿ ಕೂಡಿಸಿ. ಡಿಎಂ ಮನಸ್ಸಿನಲ್ಲಿಟ್ಟ ಸಂಖ್ಯೆ ಮುಟ್ಟಿದರೆ ಗೆದ್ದಿರಿ.

ಆ ಭಾನುವಾರ ಬಂದವರಲ್ಲಿ ಕುಂದಾಪುರ ಕಡೆಯ ಒಬ್ಬರಿದ್ದರು. ಬ್ಯಾಂಕಿನಲ್ಲಿ ಕೆಲಸ. ಮೊದಲ ಒಂದು ಗಂಟೆ ಬಾಯೇ ಬಿಡಲಿಲ್ಲ. ಚಕ್ಕುಲಿ ಮುರಿದು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಾ ಕೂತಿದ್ದರು. ಕಥೆಯಲ್ಲಿ ಒಂದು ಸೇತುವೆ ಬಂತು. ಕಾವಲುಗಾರನಾಗಿ ನಾನು, “ದಾಟಬೇಕಾದರೆ ತಲೆಗೆ ಹತ್ತು ಚಿನ್ನದ ನಾಣ್ಯ” ಅಂದೆ. ಹಳಬರು ಕತ್ತಿ ತೆಗೆಯುವ ಮಾತಾಡುತ್ತಿದ್ದರು. ಇವರು ತಟ್ಟೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. “ಎಲವೋ ಕಾವಲುಗಾರನೇ, ಈ ಹೊಳೆ ಹರಿಯುವಾಗ ನಿನ್ನ ಅಪ್ಪಣೆ ಕೇಳಿತ್ತೇ?” ಅಂದರು. ದನಿಯೇ ಬದಲಾಗಿತ್ತು. ಹೊಳೆ ಯಾರದು, ದಡ ಯಾರದು, ಮೇಲಿನ ಗಾಳಿ ಯಾರದು ಅಂತ ಐದು ನಿಮಿಷ ವಾದ ನಡೆಯಿತು. ನಾನು ಹೇಳಿದ್ದಕ್ಕೆಲ್ಲ ಉತ್ತರವಿತ್ತು.

ಗೆಲ್ಲಲು 15 ಬೇಕು ಅಂದೆ. ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೆ ಅಡ್ವಾಂಟೇಜ್ ಕೊಟ್ಟೆ. ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮೊದಲನೆಯದು 4. ಮೇಜು ಪೂರ್ತಿ ಉಸಿರು ಬಿಗಿಹಿಡಿಯಿತು. ಎರಡನೆಯದು ಉರುಳುತ್ತಾ ಹೋಗಿ ಚಹಾ ಲೋಟಕ್ಕೆ ಬಡಿದು ನಿಂತಿತು. 17! ಕೂಗು ಕೇಳಿ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಚಿಕ್ಕಂದಿನಲ್ಲಿ ಅಜ್ಜನ ಜೊತೆ ರಾತ್ರಿಯಿಡೀ ತಾಳಮದ್ದಳೆ ಕೇಳುತ್ತಿದ್ದೆ ಅಂತ ಹೋಗುವಾಗ ಆ ಕುಂದಾಪುರದವರು ಹೇಳಿದರು. ಅವರು ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಿಲ್ಲ.

ಡಿಎಂ ಆದವರಿಗೆ ಒಂದು ಮಾತು. ಹೊಸಬರು ಸುಮ್ಮನಿದ್ದರೆ ಗಾಬರಿಯಾಗಬೇಡಿ, ಹೆಸರು ಹಿಡಿದು ಒತ್ತಾಯಿಸಲೂ ಬೇಡಿ. ಮಾತಾಡಲು ಜಾಗವಿರುವ ಒಂದು ಸನ್ನಿವೇಶ ತಂದಿಡಿ. ಹಳಬರಿಗೆ ಸ್ವಲ್ಪ ಕಾಯಲು ಮೊದಲೇ ಹೇಳಿಡಿ.

ಆಮೇಲಿನ ಎರಡು ದಿನ

ಅವತ್ತೇ “ಬರ್ತೀರಾ?” ಅಂತ ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಎರಡು ದಿನ ಬಿಟ್ಟು ಕೇಳಿ. ನಿಮ್ಮ ಹಳಬರನ್ನೂ ಕೇಳಿ. ಒಬ್ಬರಿಗೆ ಬೇಡವೆನಿಸಿದರೂ ಬೇಡ. ಹೊಂದಿಕೆಯಾಗದವರಿಗೆ, “ನಿಮ್ಮ ಆಟದ ರೀತಿಗೆ ನಮ್ಮ ಮೇಜು ಹೊಂದುತ್ತಿಲ್ಲ, ಕ್ಷಮಿಸಿ” ಅಂತ ನೇರವಾಗಿ ತಿಳಿಸಿ. ಉತ್ತರ ಕೊಡದೆ ಸುಮ್ಮನಾಗುವುದು ಅವರಿಗೆ ಮಾಡುವ ಅವಮಾನ.

ಉಳಿದವರ ಜೊತೆ ಆಟ ಶುರುಮಾಡುವ ಮುಂಚೆ ಒಂದು ದಿನ ಬರೀ ಮಾತಿಗೆ ಇಡಿ. ಇದಕ್ಕೆ ಸೆಷನ್ ಝೀರೋ ಅಂತ ಹೆಸರು. ಎಂಥ ಕಥೆ, ಎಷ್ಟು ಭಯ, ಎಷ್ಟು ನಗು, ಬರಲಾಗದಿದ್ದರೆ ಯಾವಾಗ ತಿಳಿಸಬೇಕು, ಎಲ್ಲ ಆಗಲೇ ಮಾತಾಗಲಿ. ಜಾನ್ ಸ್ಟಾವ್ರೊಪೌಲೋಸ್ ಅನ್ನುವವರು ಕೊಟ್ಟ ಎಕ್ಸ್ ಕಾರ್ಡ್ ಕೂಡ ಇಟ್ಟುಕೊಳ್ಳಿ. ಕಾರ್ಡಿನ ಮೇಲೆ ಒಂದು ಎಕ್ಸ್ ಬರೆದು ಮೇಜಿನ ನಡುವೆ ಇಡುವುದು. ಕಥೆ ಯಾರಿಗಾದರೂ ಕಸಿವಿಸಿ ತಂದರೆ ಅದನ್ನು ಮುಟ್ಟುತ್ತಾರೆ. ಕಥೆ ಆ ಭಾಗ ಬಿಟ್ಟು ಮುಂದೆ ಹೋಗುತ್ತದೆ. ಕಾರಣ ಕೇಳುವಂತಿಲ್ಲ. ನಮ್ಮಲ್ಲಿ ಒಂದು ವರ್ಷದಲ್ಲಿ ಒಂದೇ ಸಲ ಬಳಕೆಯಾಗಿದೆ. ಆ ಒಂದು ಸಲಕ್ಕೆ ಅದು ಅಲ್ಲಿರಲೇಬೇಕಿತ್ತು.

ಗುರುವಾರ ಸಂಜೆ ಗುಂಪಿಗೆ ಒಂದು ಮೆಸೇಜ್ ಹಾಕಿ. ಮೂವರು ಬರುತ್ತೇವೆ ಅಂದರೆ ಆಟ ನಡೆಯಬೇಕು. “ಎಲ್ಲರೂ ಸಿಕ್ಕಾಗ ಆಡೋಣ” ಅಂದರೆ ಎಲ್ಲರೂ ಸಿಗುವುದೇ ಇಲ್ಲ.

ಕೇಳಿದವರಲ್ಲಿ ಜಾಗ ಸಿಗದವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಈಗ ನಾಲ್ಕು ಹೆಸರಿವೆ. ಅವರಿಗೆ ಕಥೆ ನಡೆಸಲು ಕುಂದಾಪುರದವರೇ ಒಪ್ಪಿದ್ದಾರೆ. ನನ್ನ ಹಳೇ ದಾಳದ ಚೀಲ ಕೊಟ್ಟಿದ್ದೇನೆ. ಮುಂದಿನ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ 3ಕ್ಕೆ, ಬಸವನಗುಡಿಯ ಅವರ ಮನೆಯಲ್ಲಿ ಎರಡನೇ ಮೇಜು ಶುರುವಾಗುತ್ತಿದೆ.